ಒಂಬತ್ತನೇ ಹಿತ್ತಾಳೆ ಕಾಲು

ರಿಪೇರಿಗೆಂದು ಯಾರೂ ರೇಡಿಯೋ ತರುವುದನ್ನು ನಿಲ್ಲಿಸಿ ಹದಿನೈದು ವರ್ಷವಾಗಿತ್ತು. ಆದರೂ ಅವರು ಎಲ್ಲರ ಬಾಯಲ್ಲಿ ರೇಡಿಯೋ ಮಾವನೇ. ರೇಡಿಯೋ ಹೋಗಿ ಟಿವಿ ಬಂತು, ಟಿವಿ ಹೋಗಿ ಕಂಪ್ಯೂಟರ್ ಬಂತು. ಮಾವ ಅದೇ ಹಳೆಯ ಸ್ಕ್ರೂಡ್ರೈವರ್ ಹಿಡಿದು ಪ್ರತಿ ಸಲವೂ ಹೊಸದನ್ನು ಕಲಿತರು. ಸ್ವಂತ ಅಂಗಡಿಗೆ ಬೀಗ ಬಿದ್ದ ಮೇಲೆ, ಒಂದು ಕಾಲದಲ್ಲಿ ತಮ್ಮ ಹತ್ತಿರವೇ ಬೆಸುಗೆ ಹಾಕಲು ಕಲಿತವನ ಕಂಪ್ಯೂಟರ್ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೇಜು ಅವರದಾಯಿತು. ಆ ಮೇಜಿನ ಮುಂದೆ ಕೂತರೆ ಅವರು ಮನುಷ್ಯ. ಮನೆಯಲ್ಲಿ, ಹೆಂಡತಿಯ ಲೆಕ್ಕದಲ್ಲಿ, ಕಸ ಗುಡಿಸುವಾಗ ಕಾಲೆತ್ತಬೇಕಾದ ಒಂದು ಪ್ರಾಣಿ.

ಆ ಮೇಜಿಗೇ ಈಗ ಸಂಚಕಾರ ಬಂದಿತ್ತು.

"ಮಾವ, ಬೇಜಾರ್ ಮಾಡ್ಕೋಬೇಡಿ," ಎಂದು ಅಂಗಡಿಯವನು ಬೆಳಿಗ್ಗೆ ನೆಲ ನೋಡುತ್ತ ಹೇಳಿದ್ದ. "ನಾಲ್ಕು ತಿಂಗಳಲ್ಲಿ ಮೂರು ಮದರ್‌ಬೋರ್ಡ್ ಸತ್ತಿವೆ. ಮೂರನ್ನೂ ಜೋಡ್ಸಿದ್ದು ನೀವೇ. ಇವತ್ತಿಂದು ಸಂಜೆಯೊಳಗೆ ಆನ್ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನೀವು ಕೌಂಟರ್ ನೋಡ್ಕೊಳಿ. ಆರಾಮಾಗಿರ್ತೀರಿ."

"ಗಿರಾಕಿಗಳು ಯಾರೋ ಬಳಸಿ ಬಿಟ್ಟ ಬೋರ್ಡ್ ತಂದ್ಕೊಟ್ರೆ ನಾನೇನ್ ಮಂತ್ರ ಹಾಕ್ಲಾ?" ಎಂದು ಮಾವ ರೇಗಿದ್ದರು. ಆರಾಮಾಗಿರಬೇಕಂತೆ!

ಮಧ್ಯಾಹ್ನದ ಹೊತ್ತಿಗೆ ಯಂತ್ರ ಜೋಡಣೆಯಾಯಿತು. ಮಾವ ಗುಂಡಿ ಒತ್ತಿದರು. ಫ್ಯಾನು ಅರ್ಧ ಸುತ್ತು ಹೊರಳಿ ನಿಂತಿತು. ಮತ್ತೆ ಒತ್ತಿದರು. ಜಪ್ಪಯ್ಯ ಅನ್ನಲಿಲ್ಲ.

ಗೋಡೆಯ ಪ್ಲಗ್ಗಿಗೆ ಮೇಜಿನ ದೀಪ ಸಿಕ್ಕಿಸಿ ನೋಡಿದರು, ಉರಿಯಿತು. ವಿದ್ಯುತ್ ಕೊಡುವ ಡಬ್ಬಿಯನ್ನು ಬೇರೆ ಯಂತ್ರಕ್ಕೆ ಹಾಕಿದರು, ಅದರಲ್ಲಿ ಸರಿಯಾಗಿಯೇ ಇತ್ತು. ಮೆಮೊರಿ ಪಟ್ಟಿಯನ್ನು ಕಿತ್ತು ರಬ್ಬರಿನಲ್ಲಿ ಉಜ್ಜಿ ಪಕ್ಕದ ಸೀಳಿಗೆ ಕೂರಿಸಿದರು. ಗುಂಡಿಯ ತಂತಿಯನ್ನು ಎರಡು ಸಲ ಕಿತ್ತು ಚುಚ್ಚಿದರು. ಪ್ರತಿ ಸಲವೂ ಅದೇ ಅರ್ಧ ಸುತ್ತು, ಅದೇ ಮೌನ. ನಾಲ್ಕು ಗಂಟೆಯಾಯಿತು. ನಾಲ್ಕನೆಯದೂ ಸತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಕೊನೆಗೆ, ಬೇರೇನೂ ತೋಚದೆ, ಬೋರ್ಡನ್ನು ಯಂತ್ರದ ತಗಡಿನ ಡಬ್ಬದಿಂದ ಪೂರ್ತಿ ಹೊರತೆಗೆದು ರಟ್ಟಿನ ಪೆಟ್ಟಿಗೆಯ ಮೇಲೆ ಮಲಗಿಸಿದರು. ಗುಂಡಿಯ ತಂತಿ ಕೂರುವ ಎರಡು ಕಡ್ಡಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಮುಟ್ಟಿಸಿದರು.

ಫ್ಯಾನು ಗಿರ್ರೆಂದು ತಿರುಗಿತು. ನಿಲ್ಲಲಿಲ್ಲ.

ಮಾವನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಬೋರ್ಡು ಚೆನ್ನಾಗಿದೆ, ದೋಷ ಡಬ್ಬದಲ್ಲಿದೆ! ಖಾಲಿ ಡಬ್ಬದ ತಳಕ್ಕೆ ಕೈಹಾಕಿ ತಡವಿದರು. ಬೋರ್ಡು ತಗಡಿಗೆ ತಾಗದಂತೆ ಎತ್ತಿಹಿಡಿಯುವ ಗಿಡ್ಡ ಹಿತ್ತಾಳೆ ಕಾಲುಗಳು ಅಲ್ಲಿದ್ದವು. ಬೆರಳಲ್ಲೇ ಎಣಿಸಿದರು, ಒಂಬತ್ತು. ಬೋರ್ಡಿನ ತೂತು ಎಣಿಸಿದರು. ಎಂಟು.

ಒಂಬತ್ತನೆಯದು ಬೋರ್ಡಿಗೆ ತೂತಿಲ್ಲದ ಕಡೆ, ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿಕೊಂಡು ನಿಲ್ಲುತ್ತಿತ್ತು. ಕರೆಂಟು ಅಲ್ಲಿಂದ ಡಬ್ಬಕ್ಕೆ ಹರಿಯುತ್ತಿತ್ತು, ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳಲು ಆರಿಹೋಗುತ್ತಿತ್ತು. ಅದನ್ನು ಡಬ್ಬದ ತಳದ ಖಾಲಿ ತೂತಿಗೆ ತಿರುಗಿಸಿ ಕೂರಿಸಿದ್ದು ಮಾವನ ಕೈಯೇ. ರೇಡಿಯೋ ಕಲಿಸಿದ ಯಜಮಾನ ಒಂದು ತೂತು ಖಾಲಿ ಬಿಟ್ಟಿದ್ದಕ್ಕೆ ಅವರ ಕೆನ್ನೆಗೆ ಬಾರಿಸಿದ್ದ. ಅಂದಿನಿಂದ ಖಾಲಿ ತೂತು ಕಂಡರೆ ಮಾವನ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ದೊಡ್ಡ ಬೋರ್ಡುಗಳಿಗೆ ಒಂಬತ್ತು ತೂತಿದ್ದವು, ನಡೆಯಿತು. ಚಿಕ್ಕ ಬೋರ್ಡುಗಳು ಈ ಅಂಗಡಿಗೆ ಬರತೊಡಗಿ ನಾಲ್ಕು ತಿಂಗಳಾಗಿತ್ತು.

ನಾಲ್ಕು ತಿಂಗಳು.

ಮೇಜಿನ ಕೆಳಗಿನ ಗುಜರಿ ಪೆಟ್ಟಿಗೆಯನ್ನು ಎಳೆದರು. ಸತ್ತ ಬೋರ್ಡು ಮೂರೂ ಅದರಲ್ಲಿದ್ದವು, ಮೂರೂ ಇದೇ ಜಾತಿಯ ಚಿಕ್ಕವು. ಮೊದಲನೆಯದನ್ನು ರಟ್ಟಿನ ಮೇಲಿಟ್ಟು ಮುಟ್ಟಿಸಿದರು. ಗಿರ್ರೆಂದಿತು. ಎರಡನೆಯದೂ ಗಿರ್ರೆಂದಿತು. ಆ ಎರಡರ ಗಿರಾಕಿಗಳು ಮರುದಿನವೇ ದೊಡ್ಡ ಬೋರ್ಡು ಕೊಂಡಿದ್ದರು, ಯಂತ್ರ ಒಂದೇ ಏಟಿಗೆ ಓಡಿತ್ತು, "ನಾನ್ ಹೇಳಿರ್ಲಿಲ್ವಾ?" ಎಂದು ಮಾವ ಬೀಗಿದ್ದರು.

ಮೂರನೆಯದು ಇನ್ನೂ ಮಗುವಿನ ಹಳೆಯ ಬನಿಯನ್ನಿನಲ್ಲಿ ಸುತ್ತಿಕೊಂಡೇ ಇತ್ತು. ಮನೆಯಲ್ಲಿ ಕೂತು ಜನರ ಅರ್ಜಿ ಟೈಪು ಮಾಡಿಕೊಡಬೇಕೆಂದು ಒಬ್ಬಾಕೆ ಒಂದೊಂದೇ ಭಾಗ ಹೊಂದಿಸಿ, ಬೋರ್ಡನ್ನು ತನ್ನ ಮಗುವಿನ ಆ ಬನಿಯನ್ನಿನಲ್ಲಿ ಸುತ್ತಿ ತಂದಿದ್ದಳು. ಸತ್ತಿದೆ ಎಂದಾಗ ಆಕೆ, "ಸಾರ್, ಇನ್ನೊಂದ್ ಸಲ ನೋಡ್ತೀರಾ?" ಎಂದು ಕೇಳಿದ್ದಳು. "ಮೂವತ್ತೈದು ವರ್ಷದ ಕೈ ಕಣಮ್ಮಾ ಇದು," ಎಂದು ಗದರಿದ್ದರು. ಇನ್ನೊಂದು ಬೋರ್ಡು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಖಾಲಿ ಡಬ್ಬವನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ಹೋಗಿದ್ದಳು.

ಇದೊಂದಾದರೂ ನಿಜವಾಗಿ ಸತ್ತಿರಲಪ್ಪಾ ಎಂದು ಬೇಡಿಕೊಳ್ಳುತ್ತ ಮಾವ ಕಡ್ಡಿ ಮುಟ್ಟಿಸಿದರು. ಜೀವಮಾನದಲ್ಲಿ ಯಾವ ಮೆಕ್ಯಾನಿಕ್ಕೂ ಹಾಗೆ ಬೇಡಿಕೊಂಡಿರಲಾರ. ಫ್ಯಾನು ತಿರುಗಿತು.

ಸದ್ದು ಕೇಳಿ ಅಂಗಡಿಯವನು ಓಡಿಬಂದ. ಎಲ್ಲ ಕೇಳಿ, ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿದ.

"ಇದು ನಮ್ಮಿಬ್ಬರಲ್ಲೇ ಇರ್ಲಿ ಮಾವ. ತಪ್ಪು ಹಿಡಿದೋರೂ ನೀವೇ ಅಲ್ವಾ? ಮೇಜು ನಿಮ್ದೇ, ಆಯ್ತಾ?"

ಮಾವ ಹಳೆಯ ರಸೀದಿ ಪುಸ್ತಕ ತಿರುವಿ ಆಕೆಯ ನಂಬರು ಹುಡುಕಿ ಫೋನ್ ಮಾಡಿದರು.

"ಅಮ್ಮಾ, ನಾನು ಕಂಪ್ಯೂಟರ್ ಅಂಗಡಿಯಿಂದ. ನಿಮ್ಮ ಬೋರ್ಡ್ ಸತ್ತಿರ್ಲಿಲ್ಲಮ್ಮಾ. ತಪ್ಪು ನಂದು. ಡಬ್ಬ ತಗೊಂಡ್ ಬನ್ನಿ, ಈಗ್ಲೇ ಜೋಡಿಸ್ಕೊಡ್ತೀನಿ."

ಆ ಕಡೆ ಯಾವುದೋ ದೊಡ್ಡ ಮೆಷಿನ್ನಿನ ಗದ್ದಲ.

"ಡಬ್ಬ, ಪರದೆ ಎಲ್ಲಾ ಹೋದ ತಿಂಗ್ಳೇ ಗುಜರಿಗೆ ಹಾಕ್ದೆ ಸಾರ್. ಈಗ ಪ್ಯಾಕಿಂಗ್ ಕೆಲಸಕ್ಕೆ ಬರ್ತಿದೀನಿ, ಹಗಲೆಲ್ಲಾ ನಿಂತೇ ಇರ್ಬೇಕು. ಸತ್ತಿದೆ ಅಂದ್ಕೊಂಡು ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ. ಈಗ್ಯಾಕ್ ಹೇಳಿದ್ರಿ?" ಎಂದಳು.

ಫೋನು ಕಟ್ಟಾಯಿತು. ರಟ್ಟಿನ ಮೇಲೆ ಅವಳ ಬೋರ್ಡಿನ ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು. ಅದನ್ನು ಆರಿಸಲು ಮಾವನಿಗೆ ಕೈ ಬರಲಿಲ್ಲ. ಬನಿಯನ್ನನ್ನು ಮಡಚಿ ಜೇಬಿಗಿಟ್ಟುಕೊಂಡು, ಎದ್ದು ಹೋಗಿ ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕೂತರು.