ಗಿಣ್ಣದ ಹಾಲಿನ ನಿರಿಗೆ

ಗಿಣ್ಣು ಮಾಡುವುದರಲ್ಲಿ ಸಿರುಗುಪ್ಪದ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ತಿಂದವರನ್ನು ಕೇಳಿ. ಎಮ್ಮೆ ಈದ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ಹೆಪ್ಪು ಬೇಡ, ಹುಳಿ ಬೇಡ. ಅದೇ ಎಮ್ಮೆಯ ಹಾಲನ್ನು ವಾರ ಕಳೆದ ಮೇಲೆ ಎಷ್ಟು ಕಾಯಿಸಿದರೂ ಹಾಗೆ ಗಟ್ಟಿಯಾಗುವುದಿಲ್ಲ. ಯಾಕೆ ಎಂದು ನಾನು ಯಾವತ್ತೂ ಕೇಳಿಕೊಂಡವಳಲ್ಲ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು. ಗಟ್ಟಿಯಾದರೆ ಸಾಕಿತ್ತು.

ನನ್ನ ಮೊಮ್ಮಗಳು ಬಳ್ಳಾರಿಯಲ್ಲಿ ಬಿಎಸ್ಸಿ ಓದುತ್ತಾಳೆ. ಪಾರ್ವತಿನಗರದಲ್ಲಿ ಗೆಳತಿಯರ ಜೊತೆ ಒಂದು ಖೋಲಿ. ಪರೀಕ್ಷೆಗೆ ಮುಂಚೆ ಓದಿಕೊಳ್ಳಲು ನನ್ನಲ್ಲಿಗೆ ಬರುತ್ತಾಳೆ. ಹೋದ ವರ್ಷ ಹಾಗೆ ಬಂದಾಗ ನಮ್ಮ ಎಮ್ಮೆ ತುಂಬಿದ ಗಬ್ಬ. ಕುರುಗೋಡಿನ ಮಗಳ ಮನೆಯಿಂದ ಹೊಡೆದುಕೊಂಡು ಬಂದ ಎಮ್ಮೆ ಅದು. ನಮ್ಮಲ್ಲಿಗೆ ಬಂದ ಮೇಲೆ ಎರಡು ಸಲ ಈದಿತ್ತು. ಎರಡೂ ಕರು ವಾರ ತುಂಬುವುದರೊಳಗೆ ಭೇದಿ ಹತ್ತಿ ಸತ್ತವು. ಕರು ಇಲ್ಲದ ಎಮ್ಮೆ ಕೆಚ್ಚಲು ಮುಟ್ಟಲು ಹೋದರೆ ಒದೆಯುತ್ತದೆ. ಮೂರನೆಯದೂ ಹೋದರೆ ಎಮ್ಮೆಯನ್ನು ಸಂತೆಗೆ ಹೊಡೆಯುವುದೇ ಸೈ ಎಂದು ನಾನು ತೀರ್ಮಾನ ಮಾಡಿಯಾಗಿತ್ತು.

ಹುಡುಗಿ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು.

“ಅದೇನ್ ವಟವಟ ಹಚ್ಚೀಯಲೇ, ಮಂತ್ರ ಏನು?” ಎಂದೆ.

“ಪ್ರೋಟೀನ್ ಅಜ್ಜಿ. ಇಪ್ಪತ್ತು ಥರದ ಸಣ್ಣ ಚೂರು ಅದಾವ. ಮಣಿ ಪೋಣಿಸಿದಂಗ ಒಂದರ ಹಿಂದ ಒಂದು ಕೂಡ್ತಾವ.”

“ಸರ ಆತು. ಮುಂದ?”

“ಬರೀ ಸರ ಆದ್ರ ಕೆಲಸಕ್ಕ ಬರಂಗಿಲ್ಲ. ಮಡಚ್ಕೋಬೇಕು.”

ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಸೀರೆಯನ್ನು ಎಳೆದುಕೊಂಡಳು. ಒಂದು ತುದಿಯನ್ನು ಬತ್ತಿಯ ಹಾಗೆ ಹೊಸೆದಳು. ನಡುವೆ ನಿರಿಗೆ ಹಿಡಿದಳು. ಆಮೇಲೆ ಎಲ್ಲವನ್ನೂ ಮೈಗೆ ಸುತ್ತಿಕೊಂಡಳು.

“ನೋಡು, ಇಷ್ಟುದ್ದ ಬಟ್ಟಿ ಕೈಯಾಗ ಹಿಡ್ಕೊಂಡು ಸಂತಿಗೆ ಹೋಗ್ತೀಯೇನು? ಸುತ್ತಿದ ಮ್ಯಾಲನ ಸೀರಿ. ಪ್ರೋಟೀನಿನಾಗೂ ಹಿಂಗ ಹುರಿ ಅದಾವ, ನಿರಿಗಿ ಅದಾವ. ಪುಸ್ತಕದಾಗ ಅದಕ್ಕ ಪ್ಲೀಟ್, ಅಂದ್ರ ನಿರಿಗಿ ಅಂತಾನ ಹೆಸರು.”

“ಹಂಗಾದ್ರ ಪುಸ್ತಕ ಬರದೋನು ಹೇಂತಿ ಸೀರಿ ಉಡೋದು ಕದ್ದು ನೋಡ್ಯಾನ ಬಿಡು. ಅದಕ್ಕ ಉಡಸೋರು ಯಾರು?”

“ತಾನ ಉಟ್ಕೊಂತೈತಿ ಅಜ್ಜಿ. ನೀರಂದ್ರ ಆಗದ ಮಣಿ ಒಳಗ ಸರೀತಾವ, ನೀರು ಬೇಕಂಬೋವು ಹೊರಗ ನಿಲ್ತಾವ. ಹಂಗ ಸರಿದಾಡಿ ತನ್ನ ಆಕಾರಕ್ಕ ತಾನ ಬರ್ತೈತಿ.”

ನನಗೆ ನೆಟ್ಟಗೆ ಸೀರೆ ಉಡಲು ಬಂದದ್ದು ಮದುವೆಯಾಗಿ ವರ್ಷ ಕಳೆದ ಮೇಲೆ. ಕಣ್ಣಿಗೆ ಕಾಣದ ಒಂದು ವಸ್ತು ಯಾರೂ ಕಲಿಸದೆ, ಕನ್ನಡಿ ಇಲ್ಲದೆ, ಪ್ರತಿ ಸಲವೂ ಅದೇ ನಿರಿಗೆ ಅದೇ ಜಾಗದಲ್ಲಿ ಹಿಡಿಯುತ್ತದೆ ಎಂದರೆ ಅದಕ್ಕೆ ಮರ್ಯಾದೆ ಕೊಡಬೇಕು.

ಅವಳ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ. ಬಳ್ಳಾರಿ ಜಾಲಿಯ ಮುಳ್ಳುಕಂಟಿಯನ್ನು ಬೇಲಿಗೆ ಒತ್ತುವ ಕವೆಗೋಲು. ತುದಿಯಲ್ಲಿ ಎರಡು ಕವಲು.

“ಇದೂ ಪ್ರೋಟೀನ. ರೋಗದ ಹುಳಾನ ಈ ಕವಲಿನಾಗ ಹಿಡೀತೈತಿ. ಕರು ಹುಟ್ಟುವಾಗ ಅದರ ಮೈಯಾಗ ಇವು ಇರಂಗಿಲ್ಲ. ತಾಯಿಯ ಮೊದಲ ಹಾಲಿನಾಗ ತುಂಬ್ಕೊಂಡಿರ್ತಾವ. ಹುಟ್ಟಿದ ಕೂಡ್ಲೇ ಕುಡದ್ರ ಹೊಟ್ಟಿಯಿಂದ ರಕ್ತಕ್ಕ ಇಳೀತಾವ. ತಾಸು ಕಳದಂಗೆಲ್ಲ ಆ ದಾರಿ ಮುಚ್ಕೊಂತ ಬರ್ತೈತಿ. ಒಂದು ದಿನ ಕಳದ್ರ ಮುಗೀತು.”

ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ನಮ್ಮಲ್ಲಿ ಪದ್ಧತಿಯೇ ಬೇರೆ. ಕರು ಹಾಕಿದ ಮೇಲೆ ಎಮ್ಮೆಯ ಮಾಸು, ಅಂದರೆ ಗರ್ಭದಲ್ಲಿ ಕರುವನ್ನು ಸುತ್ತಿಕೊಂಡಿದ್ದ ಚೀಲ, ಬೀಳಬೇಕು. ಅದು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡುವಂತಿಲ್ಲ. ಬಿಟ್ಟರೆ ಮಾಸು ಒಳಗೇ ಏರುತ್ತದೆ ಎಂದು ನಮ್ಮತ್ತೆ ಹೇಳಿದ್ದಳು, ಅವಳಿಗೆ ಅವಳ ಅತ್ತೆ. ನಮ್ಮ ಎಮ್ಮೆಯ ಮಾಸು ಎರಡು ಸಲವೂ ಸಂಜೆ ತನಕ ಬಿದ್ದಿರಲಿಲ್ಲ. ಬಿದ್ದ ಮೇಲೆ ಕರೆದ ಹಾಲನ್ನು ಗಿಣ್ಣು ಮಾಡಿ ಓಣಿಗೆಲ್ಲ ಹಂಚಿದ್ದೆ. ಕರುವಿಗೆ ಉಳಿದದ್ದು ಕೊನೆಯ ನಾಲ್ಕು ಗುಟುಕು.

ನಾಲ್ಕು ದಿನಕ್ಕೆ ಬೆಳಗಿನ ಹೊತ್ತು ಎಮ್ಮೆ ಈದಿತು. ಹೆಣ್ಣು ಕರು. ಎದ್ದು ನಿಲ್ಲಲು ನೋಡುತ್ತದೆ, ಮುಂಗಾಲು ಮಡಚಿ ಬೀಳುತ್ತದೆ. ಎದುರು ಮನೆಯ ಆಪಾ ಬಂದಳು. ನನಗಿಂತ ದೊಡ್ಡವಳು, ದನದ ವಿಷಯದಲ್ಲಿ ಓಣಿಯೆಲ್ಲ ಅವಳ ಮಾತು ಕೇಳುತ್ತದೆ.

ಹುಡುಗಿ ಚರಿಗೆ ಹಿಡಿದು ಕೆಚ್ಚಲ ಹತ್ತಿರ ಕೂತದ್ದೇ ತಡ, ಆಪಾ ಕೂಗಿದಳು. “ತೋಬಾ! ಮಾಸು ಬಿದ್ದಿಲ್ಲ, ಕೈ ಹಾಕ್ತಾಳ ನೋಡು! ಪುಸ್ತಕ ಓದಿದೋರು ಎಮ್ಮಿ ಕರೀತಾರಂತ!”

“ಆಪಾ, ಕರು ಬಾಯಿ ಹಾಕಿದ್ರ ಮಾಸು ಬೇಗ ಬೀಳ್ತೈತ್ರಿ.”

“ನೀ ಎಷ್ಟು ಎಮ್ಮಿ ಈಸಿಯವ್ವಾ? ಲೇ, ನೀನರ ಹೇಳಲೇ ನಿನ್ನ ಮೊಮ್ಮಗಳಿಗೆ!” ಎಂದು ನನ್ನ ಕಡೆ ತಿರುಗಿದಳು.

ನಾನು ಹೇಳಿದೆ: “ನನ್ನ ಮಾತು ಕೇಳಿ ಎರಡು ಕರು ಹೋದವು ಆಪಾ. ಇಕಿ ಮಾತು ಕೇಳಿ ಒಂದು ಹೋದ್ರ ಹೋಗ್ಲಿ. ಕರಿಲೇ.”

ಕರೆದಳು. ಅರಿಶಿನದ ಬಣ್ಣದ ಮಂದ ಹಾಲು. ಅವಳು ಬಾಟಲಿಗೆ ನಿಪ್ಪಲ್ಲು ಹುಡುಕಲು ಒಳಗೆ ಹೋದಳು. ಆಗ ನಾನೊಂದು ದಡ್ಡತನ ಮಾಡಿದೆ. ಎಳೆಯ ಕರುವಿಗೆ ಬಿಸಿ ಹಾಲು ಒಳ್ಳೆಯದೆಂದು ಚರಿಗೆಯನ್ನು ಒಲೆಯ ಮೇಲಿಟ್ಟೆ. ಕೂಸುಗಳಿಗೆ ಹಾಗೇ ಮಾಡಿದವಳಲ್ಲವೇ ನಾನು. ಹಾಲು ಕುದಿಯಲೂ ಇಲ್ಲ. ಅಂಚಿನಲ್ಲಿ ಎಳೆ ಎಳೆಯಾಗಿ ಗಂಟು ಕಟ್ಟತೊಡಗಿತು.

ಹುಡುಗಿ ಓಡಿ ಬಂದು ಚರಿಗೆ ಇಳಿಸಿದಳು. “ಏನ್ ಮಾಡ್ದೆ ಅಜ್ಜಿ! ನಿರಿಗಿ ಬಿಚ್ಚಿ ಹೋದ್ವು!”

“ಆರಿಸಿದ್ರ ಮತ್ತ ಸರಿ ಆಗಂಗಿಲ್ಲೇನು?”

“ಬೇಯಿಸಿದ ತತ್ತಿ ಆರಿಸಿದ್ರ ಹಸಿ ಆಗ್ತೈತೇನು?”

ಆಗ ನನಗೆ ನನ್ನ ಗಿಣ್ಣು ತಿಳಿಯಿತು. ಇಷ್ಟು ವರ್ಷ ನಾನು ಹಬೆಯಲ್ಲಿ ಬೇಯಿಸಿದ್ದು ಆ ಕವೆಗೋಲುಗಳನ್ನೇ. ಬಿಸಿಗೆ ಒಂದೊಂದೂ ಉಟ್ಟದ್ದನ್ನು ಬಿಚ್ಚಿಕೊಂಡು, ಪಕ್ಕದ್ದಕ್ಕೆ ಸಿಕ್ಕಿಕೊಂಡು, ಸಿಕ್ಕು ಸಿಕ್ಕಾಗಿ ಗಟ್ಟಿಯಾದವು. ಮೊದಲ ದಿನದ ಹಾಲಿನಲ್ಲಿ ಅವು ತುಂಬಿಕೊಂಡಿರುವುದರಿಂದಲೇ ಅದು ಅಷ್ಟು ಗಟ್ಟಿ. ಕವಲು ಹೋದ ಕೋಲಿನಿಂದ ಮುಳ್ಳು ಹಿಡಿಯಲಾಗುವುದಿಲ್ಲ. ತಿನ್ನಲು ರುಚಿ, ಕರುವನ್ನು ಕಾಯಲು ಬರುವುದಿಲ್ಲ.

ಮತ್ತೆ ಕರೆದಳು. ಕೆಚ್ಚಲಿನ ಬಿಸಿ ಆರುವ ಮುಂಚೆ ಬಾಟಲಿಗೆ ಹಾಕಿ ಕರುವಿನ ಬಾಯಿಗಿಟ್ಟಳು. ಮೊದಲು ಅರ್ಧ ಕಟಬಾಯಿಯಲ್ಲಿ ಸುರಿದು ಹೋಯಿತು. ಆಮೇಲೆ ನಾಲಗೆ ಹಿಡಿಯಿತು. ಮಧ್ಯಾಹ್ನದೊಳಗೆ ಕರು ಎದ್ದು ನಿಂತು ತಾನೇ ಮೊಲೆಗೆ ಬಾಯಿ ಹಾಕಿ ಗುದ್ದಿತು. ಸ್ವಲ್ಪ ಹೊತ್ತಿಗೆ ಮಾಸು ಬಿತ್ತು, ಸಂಜೆಗೂ ಕಾಯಲಿಲ್ಲ. ಆಪಾ ಅದನ್ನು ನೋಡಿಯೂ ನೋಡದವಳ ಹಾಗೆ ಮನೆಗೆ ಹೋದಳು.

ಐದನೆಯ ದಿನ ನಾನು ಬೆಳಗ್ಗೆ ಎದ್ದವಳೇ ಭೇದಿ ಹತ್ತಿದೆಯೋ ಎಂದು ಕರುವಿನ ಬಾಲ ಎತ್ತಿ ನೋಡಿದೆ. ಒಣಗಿತ್ತು. ಏಳನೆಯ ದಿನವೂ ಒಣಗಿತ್ತು. ಎಂಟನೆಯ ದಿನ ಕರು ನನ್ನ ಸೆರಗು ಜಗಿಯುತ್ತಿತ್ತು. ಸತ್ತ ಎರಡು ಕರುಗಳಿಗಾಗಿ ನಾನು ಅಳುತ್ತ ಕೂರಲಿಲ್ಲ. ಗೊತ್ತಿರಲಿಲ್ಲ, ಮಾಡಿದೆ. ಗೊತ್ತಾಯಿತು, ಬಿಟ್ಟೆ.

ಬಳ್ಳಾರಿಗೆ ಹೊರಟಾಗ ಹುಡುಗಿಗೆ ಅಂದೆ: “ನೀ ಉಳಿಸಿದಿ.”

“ಒಂದು ಕರು ನೋಡಿ ಹೇಳಾಕ ಬರಂಗಿಲ್ಲ ಅಜ್ಜಿ. ನಸೀಬೂ ಇರಬೌದು.”

ಹೊಗಳಿದಾಗಲೂ ತೂಗಿ ಮಾತಾಡುತ್ತಾಳೆ. ಅದು ನನಗೆ ಹಿಡಿಸಿತು. ನಮ್ಮ ಮನೆಯಲ್ಲಿ ಆ ಗುಣ ಯಾರಿಗೂ ಇಲ್ಲ, ಪುಸ್ತಕದಿಂದಲೇ ಬಂದಿರಬೇಕು.

ಆ ಸಲ ಓಣಿಗೆ ಹಂಚಿದ್ದು ಮೂರನೆಯ ದಿನದ ಹಾಲಿನ ಗಿಣ್ಣು. ನಿಲ್ಲಲೇ ಇಲ್ಲ, ತಟ್ಟೆಯಲ್ಲಿ ಹರಿಯಿತು. ಆಪಾ ಬಟ್ಟಲು ವಾಪಸು ಕೊಡಲು ಬಂದವಳು ಓಣಿಗೆಲ್ಲ ಕೇಳುವ ಹಾಗೆ ಕೇಳಿದಳು: “ಏನಲೇ, ಕೈ ಕೆಟ್ಟೈತೇನು? ಇದು ಗಿಣ್ಣೋ ಅಂಬಲಿನೋ? ಗಟ್ಟಿ ಗಿಣ್ಣು ಯಾರಿಗೆ ಕೊಟ್ಟಿ?”

“ಗೂಟಕ್ಕ ಕಟ್ಟೀನಿ ಆಪಾ,” ಎಂದೆ. “ಹೋಗಿ ನೋಡು. ಒದಿತೈತಿ, ಹುಷಾರು.”