ಬಾಲಕ್ಕೆ ಕಟ್ಟಿದ ನಿಂಬೆಹಣ್ಣು

ನಾನು ತುಮಕೂರಿನಲ್ಲಿ ಅಂಗಡಿ ಬೋರ್ಡು, ಲಾರಿ ಬಾಗಿಲುಗಳಿಗೆ ಬಣ್ಣ ಬಳಿಯುತ್ತಿದ್ದವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಎಂಬತ್ತರ ದಶಕದಲ್ಲಿ ಆ ಬಾಯಿಂದಾಗಿಯೇ ನನ್ನ ಸ್ವಂತ ಅಣ್ಣ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ.

ಅಣ್ಣ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವನಿಗೆ ರೇಡಿಯೋ ಸೆಟ್ಟು ಹಿಡಿದು ನೆಲದಿಂದಲೇ ಹಾರಿಸುವ ಪುಟ್ಟ ವಿಮಾನದ ಹುಚ್ಚು. ಕುಣಿಗಲ್‌ನ ನಮ್ಮ ಭಾವ ದುಬೈಯಿಂದ ಬರುವಾಗ ಸೆಟ್ಟು, ಎಂಜಿನ್ನು ಎರಡನ್ನೂ ತಂದುಕೊಟ್ಟಿದ್ದರು. ಉಳಿದದ್ದನ್ನು ಅಣ್ಣ ಹಗುರ ಮರದಲ್ಲಿ ತಾನೇ ಕಟ್ಟಿದ. ಆ ಮೊದಲ ವಿಮಾನ ಗುಬ್ಬಿ ಕಡೆಯ ಒಣಗಿದ ಕೆರೆ ಅಂಗಳದಲ್ಲಿ ನೆಲ ಬಿಟ್ಟಿದ್ದೇ ತಡ, ಮೂತಿ ಮೇಲೆತ್ತಿ, ಗಾಳಿಯಲ್ಲಿ ತಡವರಿಸಿ, ಮಗುಚಿ ಬಿದ್ದು ಪುಡಿಪುಡಿಯಾಯಿತು.

"ಬಾಲ ಭಾರ ಆಗಿತ್ತು ಕಣೋ. ನೀನು ತೂಕ ಸರಿಯಾಗಿ ನೋಡಿಲ್ಲ" ಅಂದ ಅಣ್ಣ.

ತೂಕ ನೋಡುವ ಕೆಲಸ ನನ್ನದಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿನ್ ಕೈ ನಡುಗಿದ್ದು ನಾನು ನೋಡಿಲ್ವಾ?" ಅಂದುಬಿಟ್ಟೆ. ಅವತ್ತಿನಿಂದ ಮಾತಿಲ್ಲ.

ಒಂದೇ ಮನೆ, ಒಂದೇ ಒಲೆ, ಏನಿದ್ದರೂ ಅಮ್ಮನ ಮೂಲಕ. "ಅವನಿಗೆ ಸಾರು ಬೇಕಾ ಕೇಳಮ್ಮ" ಎಂದು ಅವನು. "ಬೇಡ ಅಂತ ಹೇಳಮ್ಮ" ಎಂದು ನಾನು. ಸೌಟು ಹಿಡಿದು ನಡುವೆ ನಿಂತ ಅಮ್ಮ, "ನಾನೇನ್ರೋ ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ರೇಗುತ್ತಿದ್ದಳು.

ಎರಡನೆಯ ವಿಮಾನ ಮುಗಿಯುವ ಹೊತ್ತಿಗೆ ಅಣ್ಣ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಇದೊಂದ್ಸಲ ನೋಡ್ತೀನಿ. ಇದೂ ಬಿದ್ರೆ ಸೆಟ್ಟು ಭಾವಂಗೆ ವಾಪಸ್ ಕೊಟ್ಬಿಡ್ತೀನಿ. ನನ್ ಕೈ ಮೇಲೆ ನನಗೇ ನಂಬಿಕೆ ಹೋಗಿದೆ." ಆಗಾಗ ಎರಡೂ ಕೈ ಮುಂದೆ ಚಾಚಿ, ನಡುಗುತ್ತಿವೆಯೇ ಎಂದು ಅವನು ನೋಡಿಕೊಳ್ಳುವುದನ್ನು ಕಂಡಿದ್ದೆ. ಆದರೂ ತಪ್ಪು ಅವನದೇ ಎಂದು ನನಗೆ ಅಷ್ಟು ಖಾತ್ರಿ.

ಹಾರಿಸುವ ಹಿಂದಿನ ದಿನ "ತೂಕ ನೋಡಕ್ಕೆ ಹೇಳಮ್ಮ" ಎಂದು ಕಳಿಸಿದ. ನೋಡುವುದು ಹೀಗೆ: ಇಂಧನದ ಡಬ್ಬಿ ಖಾಲಿ ಇರಬೇಕು, ಬ್ಯಾಟರಿ ಒಳಗೆ ಇರಬೇಕು. ರೆಕ್ಕೆಯ ಅಗಲದಲ್ಲಿ ಮುಂದಿನ ಮೂರನೇ ಒಂದು ಭಾಗಕ್ಕೆ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ಆ ಗುರುತಿನ ಕೆಳಗೆ ಎರಡು ತೋರುಬೆರಳು ಕೊಟ್ಟು ಎತ್ತಬೇಕು. ಮೂತಿ ಚೂರು ತಗ್ಗಿ ನಿಂತರೆ ಸರಿ, ಬಾಲ ಕುಸಿದರೆ ಕೆಟ್ಟಿತು. ಮೀನಿನ ಬಲೆಯ ಸೀಸದ ಗುಂಡುಗಳನ್ನು ಮೂತಿಯೊಳಗೆ ಒಂದೊಂದಾಗಿ ಅಂಟಿಸಿ ಸರಿ ಮಾಡಿದೆ.

ಮರುದಿನ ಬೆಳಿಗ್ಗೆ ರೆಕ್ಕೆಯನ್ನು ದುಪ್ಪಟಿಯಲ್ಲಿ ಸುತ್ತಿ ಅಮ್ಮನ ತೊಡೆಯ ಮೇಲಿಟ್ಟು, ಮೂವರೂ ಗುಬ್ಬಿ ಬಸ್ಸು ಹತ್ತಿದೆವು. ಕೆರೆ ಅಂಗಳದಲ್ಲಿ ವಿಮಾನ ಜೋಡಿಸಿದ ಮೇಲೆ ರೇಡಿಯೋ ಪರೀಕ್ಷೆ, ದೂರದಿಂದ ಸೆಟ್ಟು ಆಡಿಸಿದರೆ ಬಾಲದ ಪಟ್ಟಿ ತಿರುಗುತ್ತದೆಯೇ ಎಂದು. ಅಣ್ಣ ಸೆಟ್ಟಿನ ಏರಿಯಲ್ ಮಡಚಿಕೊಂಡು ದೂರ ಹೋದ. ನಾನು ವಿಮಾನದ ಹತ್ತಿರ. ಸೆರಗು ಸಿಕ್ಕಿಸಿಕೊಂಡು ನಡುವೆ ಅಮ್ಮ!

"ಬಲಕ್ಕೆ ತಿರುಗ್ತಾ ಕೇಳಮ್ಮ!"

"ಬಲಕ್ಕೆ ತಿರುಗ್ತೇನ್ಲಾ?"

"ತಿರುಗ್ತು ಅನ್ನಮ್ಮ!"

ಅದೂ ಮುಗಿಯಿತು. ಎಂಜಿನ್ ಸುರು ಮಾಡುವುದಷ್ಟೇ ಬಾಕಿ. ಆಗ ಕಣ್ಣಿಗೆ ಬಿತ್ತು, ಬಾಲದ ಅಡಿಯಲ್ಲಿ ದಾರದಿಂದ ಕಟ್ಟಿದ ದಪ್ಪ ನಿಂಬೆಹಣ್ಣು. "ದೃಷ್ಟಿ ಆಗ್ದೇ ಇರ್ಲಿ ಅಂತ ನೀವು ರೆಕ್ಕೆ ಜೋಡಿಸ್ತಿದ್ದಾಗ ನಾನೇ ಕಟ್ದೆ. ಮೂತೀಲಿ ಫ್ಯಾನ್ ತಿರುಗುತ್ತಲ್ಲ, ಅದಕ್ಕೆ ಬಾಲಕ್ಕೆ" ಅಂದಳು ಅಮ್ಮ. ಒಂದು ನಿಂಬೆಹಣ್ಣು ಏನು ಮಹಾ ಎಂದುಕೊಂಡೆ. ಆದರೂ ಮನಸ್ಸು ತಡೆಯದೆ ಬೆರಳ ಮೇಲೆ ಎತ್ತಿ ನೋಡಿದೆ. ಬಾಲ ದೊಪ್ಪನೆ ಕುಸಿಯಿತು.

ಆಗ ಹೊಳೆಯಿತು. ಹೋದ ಸಲ ತೂಕ ನೋಡಿ ಮುಗಿಸಿದ ಮೇಲೆ, ಬೋಳು ಬಾಲ ನೋಡಲಾರದೆ, ಲಾರಿಗೆ ಬಳಿಯುವ ಕೆಂಪು ಎನಾಮೆಲನ್ನು ಮೂರು ಕೋಟು ಹೊಡೆದಿದ್ದೆ. ಬಣ್ಣ ಏನು ಮಹಾ ಎಂದುಕೊಂಡು ಮತ್ತೆ ಬೆರಳ ಮೇಲೆ ಎತ್ತಲೇ ಇಲ್ಲ. ತೂಕ ನೋಡಿದ್ದು ಬಣ್ಣ ಒಣಗಿದ ಮೇಲೆ ಎಂದೇ ಅಣ್ಣ ತಿಳಿದಿದ್ದ. ಈಗ ನಿಂಬೆಹಣ್ಣು ಬಿಚ್ಚಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಚಾಚಿದ ಆ ಎರಡು ಕೈ ಕಣ್ಮುಂದೆ ಬಂದವು.

"ಅಣ್ಣಾ, ತಡಿ! ಬಾಲ ಭಾರ ಆಗಿದೆ!" ಎಂದು ಕೂಗಿದೆ. ನಡುವಿದ್ದ ಅಮ್ಮ ಅದನ್ನು ಅತ್ತ ದಾಟಿಸಲು ಬಾಯಿ ತೆರೆದವಳು ಹಾಗೇ ನಿಂತಳು. ಅಣ್ಣ ಓಡಿ ಬಂದ. ಎಲ್ಲ ಹೇಳಿದೆ. "ಹೋದ್ಸಲ ಬಿದ್ದಿದ್ದು ನನ್ನಿಂದ. ನಿನ್ ಕೈದು ತಪ್ಪಿಲ್ಲ ಅಣ್ಣ."

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಒಂದ್ ವರ್ಷ ಕಣೋ. ಕೆಲಸಕ್ಕೆ ಕೈ ಹಾಕ್ದಾಗೆಲ್ಲ ಈ ಕೈನೇ ಬೈಕೊಂಡಿದೀನಿ." ನಾನು ತಲೆ ತಗ್ಗಿಸಿ ಅತ್ತುಬಿಟ್ಟೆ.

ಬಿಚ್ಚಿದ ನಿಂಬೆಹಣ್ಣನ್ನು ಎಸೆಯಲು ಅಮ್ಮ ಬಿಡಲಿಲ್ಲ. "ಗಾಲಿ ಕೆಳಗಿಡು" ಅಂದಳು. ಆ ಪುಟ್ಟ ಗಾಲಿಗೆ ಅದೆಲ್ಲಿ ಒಡೆಯಬೇಕು? ಅಣ್ಣನೇ ಚಪ್ಪಲಿಯಲ್ಲಿ ತುಳಿದು ಒಡೆದ. ನಾನು ಇನ್ನೊಮ್ಮೆ ಬೆರಳ ಮೇಲೆ ಎತ್ತಿದೆ, ಮೂತಿ ಚೂರು ತಗ್ಗಿತು. ವಿಮಾನ ನೆಟ್ಟಗೆ ಎದ್ದು, ಕೆರೆ ಏರಿಯ ಮೇಲೆ ಮೂರು ಸುತ್ತು ಹಾಕಿ, ಎರಡು ಸಲ ಕುಪ್ಪಳಿಸಿ ನಮ್ಮೆದುರೇ ಇಳಿಯಿತು. ಅಬ್ಬಾ! ಎಷ್ಟು ದಿನದಿಂದ ಕಟ್ಟಿಕೊಂಡಿದ್ದೆನೋ, ಉಸಿರು ಸಲೀಸಾಗಿ ಆಡಿತು.

ವಾಪಸ್ ಬಸ್ಸಿನಲ್ಲಿ ಅಣ್ಣ ಸುರು ಮಾಡಿದ. "ಮೂರ್ ಕೋಟಾ? ತಲೇಲಿ ಏನಿತ್ಲಾ? ಅದೇನು ಲಾರಿನಾ?" ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಒಂದೂ ಬಿಡದೆ ಬೈಸಿಕೊಂಡೆ. ಇನ್ನೂ ಬೈಯಲಿ ಅನ್ನಿಸುತ್ತಿತ್ತು. ನಮ್ಮಿಬ್ಬರ ನಡುವೆ ಕೂತಿದ್ದ ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ರೆಕ್ಕೆಯ ಗಂಟು ಎತ್ತಿಕೊಂಡು ಎದ್ದು, ನನ್ನನ್ನು ಅಣ್ಣನ ಪಕ್ಕಕ್ಕೆ ತಳ್ಳಿ, ಕಿಟಕಿ ಹತ್ತಿರ ಕೂತಳು.

"ನಂಗೆ ಸಾಕಾಗಿದೆ, ನೀವ್ ನೀವೇ ಮಾತಾಡ್ಕೊಳ್ರಪ್ಪ" ಎಂದು ಸೆರಗು ಹೊದ್ದು ಕಣ್ಣು ಮುಚ್ಚಿದಳು.