ಇಂಗ್ಲೆಂಡಿನ ಬೈಕಿಗೆ ಎಡೆಕುಂಟೆಯ ಕುಡ

ನನ್ನ ಬೈಕಿನ ಹಿಂದಿನ ಫುಟ್‌ರೆಸ್ಟ್ ಮೇಲೆ ಅಲ್ಲಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಕಾಲಿಟ್ಟೇಬಿಟ್ಟರು! ಸವಣೂರಿನಲ್ಲಿ ಕೊಂಡ ಈ ಹಳೆಯ ಬ್ರಿಟಿಷ್ ಬೈಕಿನ ಒಂದೊಂದು ನಟ್ಟೂ ಇಂಗ್ಲೆಂಡಿನದೇ ಎಂದು ಹಿರೇಬೆಂಡಿಗೇರಿಯ ಚಹಾದಂಗಡಿ ಮುಂದೆ ಸೇರಿದ್ದವರಿಗೆ ನಾನು ಆಗಷ್ಟೇ ಬಣ್ಣಿಸಿ ಮುಗಿಸಿದ್ದೆ.

“ಯಾಕೋ ತಮ್ಮಾ, ಇಂಗ್ಲೆಂಡಿನ್ಯಾಗೂ ಜ್ವಾಳದ ಹೊಲಕ್ಕ ಎಡಿ ಹೊಡಿತಾರೇನು?” ಎಂದರು ಅಜ್ಜಿ. “ಇದು ನಮ್ಮ ಎಡಿಕುಂಟಿ ಕುಡ ಐತಿ. ಸೀರಿ ಉಟ್ಟಾಕಿ ಒಂದ ಕಡೆ ಕಾಲಿಟ್ಟು ಕುಂದರ್ಲಿ ಅಂತ ಯಾರೋ ಹೇಣ್ತಿ ಸಲುವಾಗಿ ಬಡಿಸ್ಯಾರ.”

ಬಗ್ಗಿ ನೋಡಿದೆ. ಎತ್ತು ಎಳೆಯುವ ಎಡೆಕುಂಟೆಯಲ್ಲಿ ಕಳೆ ತೆಗೆಯುವ ಅದೇ ಕಬ್ಬಿಣದ ಪಟ್ಟಿ. ಹೊಲದ ಮಣ್ಣಿಗೆ ಸವೆದ ಅಂಚು ಬಣ್ಣದಡಿಯಲ್ಲೂ ಕಾಣುತ್ತಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹಳೆಯ ಬೈಕುಗಳ ಪ್ರದರ್ಶನ ಹತ್ತಿರವಿತ್ತು. ಕಂಪನಿಯದಲ್ಲದ ಭಾಗವಿದ್ದರೆ ಅಲ್ಲಿ ಬಹುಮಾನದ ಆಸೆ ಬಿಡಬೇಕು. ಮನೆಗೆ ಬಂದವನೇ ಆ ಕುಡ ಬಿಚ್ಚಲು ಪಾನಾ ಹಿಡಿದೆ. ಅಷ್ಟರಲ್ಲಿ ಹೆಂಡತಿ ಬಂದು ಅದರ ಮೇಲೆ ಕಾಲಿಟ್ಟು ಸೀಟಿನಲ್ಲಿ ಆರಾಮಾಗಿ ಕುಳಿತಳು. “ಈ ಗಾಡ್ಯಾಗ ನೆಟ್ಟಗ ಇರೂದು ಇದೊಂದ ರೀ. ಬೇಕಾದ್ರ ಉಳದದ್ದು ಬಿಚ್ರಿ.”